ಹನ್ನೊಂದು ಗೆರೆಗಳ ಋಣ

ಹೋದ ವಾರ ನಮ್ಮ ಸರೋವರದ ಹೊಸ ಮೀನುಗಾರಿಕೆ ನಿಯಮ ಜಾರಿಗೆ ಬಂತು. ಹಿಡಿಯಬಹುದಾದ ಮೀನಿನ ಮಿತಿ ಇಳಿದಿದೆ. ತೀರಾ ದೊಡ್ಡ ಮೀನು ಸಿಕ್ಕರೆ ವಾಪಸ್ ನೀರಿಗೆ ಬಿಡಬೇಕು. ಆ ನಿಯಮದ ಹಿಂದಿರುವ ವರದಿಯ ಮೇಲೆ ನನ್ನ ಹೆಸರಿದೆ. ಅದನ್ನು ನೋಡಿ ಎಷ್ಟೋ ಜನ ಅಭಿನಂದನೆ ಹೇಳಿದರು. ಖುಷಿಯಾಯಿತು. ಆದರೆ ಮೂರು ವರ್ಷದ ಹಿಂದೆ ಇದೇ ಮೀನಿನ ಬಗ್ಗೆ ನಾನು ಬರೆದ ವರದಿ ತಪ್ಪಾಗಿತ್ತು. ಆ ತಪ್ಪಿನಿಂದ ಈ ವರದಿಯವರೆಗೆ ನನ್ನನ್ನು ಕೈಹಿಡಿದು ತಂದವರು ಬೇರೆಯವರು. ಅವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರದ ವನ್ಯಜೀವಿ ಇಲಾಖೆಯಲ್ಲಿ ಮೀನುಗಳ ಬಗ್ಗೆ ಸಂಶೋಧನೆ ಮಾಡುವ ಜೀವವಿಜ್ಞಾನಿ. ವನ್ಯಜೀವಿ ಅಂದರೆ ಜನಕ್ಕೆ ಕಾಡಿನ ಪ್ರಾಣಿ, ಹಕ್ಕಿಗಳೇ ನೆನಪಾಗುತ್ತವೆ. ಮೀನೂ ವನ್ಯಜೀವಿಯೇ ಅಲ್ವಾ? ಕಾಡಿನ ಪ್ರಾಣಿಯಾದರೆ ಹೆಜ್ಜೆ ಗುರುತಾದರೂ ಬಿಟ್ಟುಹೋಗುತ್ತದೆ. ನೀರಿನೊಳಗಿನ ಲೆಕ್ಕ ಹಾಗಲ್ಲ. ಅಲ್ಲಿ ಎಷ್ಟು ಮೀನಿವೆ, ಎಷ್ಟು ಬೇಗ ಬೆಳೆಯುತ್ತವೆ, ವರ್ಷಕ್ಕೆ ಎಷ್ಟು ಸಾಯುತ್ತವೆ, ಇಷ್ಟನ್ನು ತಿಳಿಯಲು ನಾವು ವರ್ಷಗಟ್ಟಲೆ ಬಲೆ ಹಾಕುತ್ತೇವೆ, ಅಳೆಯುತ್ತೇವೆ, ತೂಗುತ್ತೇವೆ. ಇದೆಲ್ಲಕ್ಕೂ ಬುಡ ಒಂದೇ: ಮೀನಿನ ವಯಸ್ಸು. ಅದು ತಪ್ಪಿದರೆ ಮೇಲೆ ಕಟ್ಟಿದ್ದೆಲ್ಲ ತಪ್ಪುತ್ತದೆ.

ನಾನು ತಪ್ಪಿದ್ದು ಅಲ್ಲೇ.

ಮೀನಿನ ವಯಸ್ಸನ್ನು ಅದರ ಮೈಮೇಲಿನ ಹುರುಪೆಯಿಂದ ಓದಬಹುದು. ಮರದ ಕಾಂಡದಲ್ಲಿರುವ ಹಾಗೆ ಅದರಲ್ಲೂ ಉಂಗುರಗಳಿರುತ್ತವೆ. ಬೆಳವಣಿಗೆ ನಿಧಾನವಾಗುವ ಕಾಲದಲ್ಲಿ ಗೆರೆಗಳು ಒತ್ತೊತ್ತಾಗಿ ಬೀಳುತ್ತವೆ, ಅದು ಒಂದು ವರ್ಷದ ಗುರುತು. ಇದು ದೊಡ್ಡ ದೊಡ್ಡ ಕೆಲಸಗಳಿಗೆ ಆಧಾರವಾದ ವಿಧಾನ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1904ರಲ್ಲಿ ಹುಟ್ಟಿದ ಹೆರಿಂಗ್ ಮೀನುಗಳೇ ಮುಂದೆ ವರ್ಷಾನುಗಟ್ಟಲೆ ಬಲೆ ತುಂಬಿದ್ದನ್ನು ತೋರಿಸಿದ್ದು ಹುರುಪೆಯ ಉಂಗುರ ಎಣಿಸಿಯೇ. ಹುರುಪೆ ಕಿತ್ತರೆ ಮೀನು ಸಾಯುವುದಿಲ್ಲ, ಅದೂ ಒಂದು ಅನುಕೂಲ. ನಾನು ಕೆಲಸಕ್ಕೆ ಸೇರಿದಾಗಿನಿಂದ ಹುರುಪೆಯನ್ನೇ ಓದಿದೆ. ಸಾವಿರಗಟ್ಟಲೆ ಓದಿದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇತ್ತು.

ತೊಂದರೆ ಇರುವುದು ವಯಸ್ಸಾದ ಮೀನಿನಲ್ಲಿ. ಮೀನು ಬೆಳೆಯುವುದು ಕಡಿಮೆಯಾದಂತೆ ಹುರುಪೆಯೂ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಹೊಸ ಉಂಗುರಗಳು ಅಂಚಿನಲ್ಲಿ ಕಿಕ್ಕಿರಿದು ಕಾಣದೇ ಹೋಗುತ್ತವೆ. ಮುದಿ ಮೀನು ಹುರುಪೆಯಲ್ಲಿ ನಡುವಯಸ್ಸಿನದಾಗಿ ಕಾಣುತ್ತದೆ. ಆಗ ಏನಾಗುತ್ತದೆ ನೋಡಿ. ಈ ಮೀನು ಬೇಗ ಬೆಳೆಯುತ್ತದೆ, ಎಷ್ಟು ಹಿಡಿದರೂ ಬೇಗ ತುಂಬಿಕೊಳ್ಳುತ್ತದೆ ಅಂತ ಲೆಕ್ಕ ಹೇಳುತ್ತದೆ. ನಿಜ ಅದಕ್ಕೆ ಪೂರ್ತಿ ಉಲ್ಟಾ ಇರುತ್ತದೆ. ಇನ್ನೂ ಸ್ವಲ್ಪ ಜಾಸ್ತಿ ಹಿಡಿಯಬಹುದು ಅಂತ ನಾನು ಬರೆದಿದ್ದು ಇಂಥ ಲೆಕ್ಕ ನಂಬಿಕೊಂಡು.

ಮೊದಲ ಕೃತಜ್ಞತೆ ನಮ್ಮ ಎರಡನೇ ಓದುಗರಿಗೆ. ಪ್ರತಿ ಮಾದರಿಯನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕು ಅನ್ನುವುದು ನಮ್ಮಲ್ಲಿನ ಕ್ರಮ. ಮೀನಿನ ಉದ್ದ ಎಷ್ಟು, ಇನ್ನೊಬ್ಬರು ಎಷ್ಟು ಬರೆದರು, ಎರಡೂ ಗೊತ್ತಿರಬಾರದು. ಆಗ ಅವರು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಬಂದು, "ಮೇಡಂ, ದೊಡ್ಡ ಮೀನುಗಳ ಅಂಚು ನನಗೆ ಓದೋಕೆ ಆಗ್ತಿಲ್ಲ. ಸುಮ್ನೆ ಒಂದು ಸಂಖ್ಯೆ ಬರೆಯೋಕೆ ಮನಸ್ಸಿಲ್ಲ. ಓಟೊಲಿತ್ ನೋಡೋಣ್ವಾ?" ಅಂದರು. ಓಟೊಲಿತ್ ಅಂದರೆ ಮೀನಿನ ಒಳಕಿವಿಯ ಪುಟ್ಟ ಕಲ್ಲು, ಅದರಲ್ಲೂ ವಯಸ್ಸಿನ ಗೆರೆಗಳಿರುತ್ತವೆ. ಅಭ್ಯಾಸವಾದರೆ ಕಾಣುತ್ತದೆ ಅಂತ ನಾನು ಹೇಳಿ ಕಳಿಸಿದೆ. ಅವರು ಮಾರನೆಯ ದಿನ ಮತ್ತೆ ಬಂದರು. ಈ ಸಲ ಕೈಯಲ್ಲಿ 2019ರ ಒಂದು ಪ್ರಬಂಧವಿತ್ತು. ಉತ್ತರ ಅಮೆರಿಕದ ಬಿಗ್‌ಮೌತ್ ಬಫಲೊ ಅನ್ನುವ ಸಿಹಿನೀರಿನ ಮೀನು ಕಾಲು ಶತಮಾನದ ಆಸುಪಾಸು ಬದುಕುತ್ತದೆ ಅಂತ ತಿಳಿದಿದ್ದರು. ಓಟೊಲಿತ್ ಓದಿದಾಗ 112 ವರ್ಷದ ಮೀನು ಸಿಕ್ಕಿತು. ನಾನು ಅವತ್ತು ಜಾಸ್ತಿ ಮಾತಾಡಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ತಂಗಿ, ನೀವು ಎರಡನೇ ದಿನ ಬಾರದೇ ಇದ್ದಿದ್ದರೆ ಆ ಸರೋವರ ಇವತ್ತು ಹೇಗಿರುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹಿರಿಯರಿಗೆ ತಪ್ಪು ಅಂತ ಹೇಳುವುದು ಸುಲಭವಲ್ಲ. ಎರಡನೇ ಸಲ ಹೇಳುವುದು ಇನ್ನೂ ಕಷ್ಟ.

ಓಟೊಲಿತ್ ಅನ್ನುವ ಆ ಪುಟ್ಟ ಕಲ್ಲು ಸುಣ್ಣದಂಶದಿಂದಾದದ್ದು. ತಲೆಯೊಳಗೆ ಮೂರು ಜೊತೆ ಇರುತ್ತವೆ. ಕೇಳುವುದಕ್ಕೂ ಮೈ ಸಮತೋಲನಕ್ಕೂ ಮೀನಿಗೆ ಅವು ಬೇಕು. ಮೀನಿನ ಮೈ ಬೆಳೆಯುವುದು ನಿಂತರೂ ಈ ಕಲ್ಲಿನ ಮೇಲೆ ಪದರ ಕೂರುತ್ತಲೇ ಇರುತ್ತದೆ. ಅದನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನ ಗರಗಸದಲ್ಲಿ ತೆಳುವಾಗಿ ಸೀಳಿ, ಉಜ್ಜಿ ನಯ ಮಾಡಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಗೆರೆಗಳು ಕಾಣುತ್ತವೆ. ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮಾಡಿದವರಿಗೇ ಗೊತ್ತು. ಲ್ಯಾಬಿನ ನಮ್ಮ ಇಬ್ಬರು ಸಹಾಯಕರು ಎರಡು ವರ್ಷ ಆ ಗರಗಸದ ಮುಂದೆ ಕೂತರು. ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಮೊದಲ ಗೆರೆಗಳು ಹೋಗಿಬಿಡುತ್ತವೆ. ಅವರು ಕೆಡಿಸಿದ್ದು ತೀರಾ ಕಡಿಮೆ. ಇಬ್ಬರಿಗೂ ನನ್ನ ನಮಸ್ಕಾರ.

ಆದರೆ ಓಟೊಲಿತ್ತಿನ ಒಂದು ಗೆರೆ ಅಂದರೆ ಒಂದೇ ವರ್ಷ ಅಂತ ಹೇಗೆ ಗೊತ್ತು? ನಮ್ಮ ಮೀನಿನಲ್ಲಿ ವರ್ಷಕ್ಕೆ ಎರಡು ಗೆರೆ ಬೀಳುತ್ತಿದ್ದರೆ? ನನ್ನ ಹುರುಪೆ ಲೆಕ್ಕವೇ ಸರಿಯಾಗಿರಬಹುದಲ್ಲ? ಬೀಮಿಶ್ ಮತ್ತು ಮ್ಯಾಕ್‌ಫರ್ಲೇನ್ ಅನ್ನುವ ಇಬ್ಬರು ಮೀನು ವಿಜ್ಞಾನಿಗಳು 1983ರಲ್ಲೇ ಎಚ್ಚರಿಸಿದ್ದರು, ವಯಸ್ಸು ಓದುವ ವಿಧಾನವನ್ನು ಪರೀಕ್ಷಿಸಿ ಸಾಬೀತು ಮಾಡುವುದನ್ನು ನಾವೆಲ್ಲ ಮರೆತಿದ್ದೇವೆ ಅಂತ. ನಮಗೆ ಸಾಬೀತು ಬೇಕಿತ್ತು. ಅದು ಸಿಕ್ಕಿದ್ದು ಇಬ್ಬರಿಂದ. ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ.

ಒಬ್ಬರು, ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಸರ್. ನಿವೃತ್ತಿಗೆ ಮುಂಚೆ ಅವರು ಒಂದಷ್ಟು ಮೀನುಗಳಿಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಟ್ಯಾಗ್ ಹಾಕಿ, ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚಿ ಬಿಟ್ಟಿದ್ದರು. ಆ ಔಷಧ ಬೆಳೆಯುತ್ತಿರುವ ಕಲ್ಲಿನ ಪದರದಲ್ಲಿ ಸೇರಿಕೊಂಡು ಹಾಗೇ ಉಳಿಯುತ್ತದೆ. ಅತಿನೇರಳೆ ಬೆಳಕು ಬಿಟ್ಟರೆ ಹಳದಿಯಾಗಿ ಹೊಳೆಯುತ್ತದೆ. ಅಂದರೆ ಔಷಧ ಕೊಟ್ಟ ದಿನದ್ದೊಂದು ಗುರುತು ಕಲ್ಲಿನೊಳಗೇ ಬಿದ್ದಿರುತ್ತದೆ. ಅದರ ಫಲ ತಾವು ನೋಡುವುದಿಲ್ಲ ಅಂತ ಸರ್‌ಗೆ ಗೊತ್ತಿತ್ತು. ಆದರೂ ಪ್ರತಿ ಮೀನಿಗೂ ಒಂದು ಲಕೋಟೆ ಮಾಡಿ, ಟ್ಯಾಗ್ ಸಂಖ್ಯೆ, ತಾರೀಕು, ಉದ್ದ, ತೂಕ ಬರೆದು, ಒಳಗೆ ಆವತ್ತಿನ ಹುರುಪೆ ಇಟ್ಟು ಹೋಗಿದ್ದರು. ಕಚೇರಿ ಬದಲಾಗುವಾಗ ಆ ಪೆಟ್ಟಿಗೆಗಳನ್ನು ಎಸೆಯಬೇಕೆಂದಿದ್ದರು. ಉಗ್ರಾಣ ನೋಡಿಕೊಳ್ಳುವವರು, "ಬರೆದಿಟ್ಟಿದ್ದಾರೆ ಅಂದ್ರೆ ಬೇಕಾಗುತ್ತೆ" ಅಂತ ತಮ್ಮ ಮೇಜಿನ ಕೆಳಗೆ ಇಟ್ಟುಕೊಂಡರು. ಅವರಿಗೂ ನಾನು ಋಣಿ.

ಇನ್ನೊಬ್ಬರು ಒಬ್ಬ ಮೀನುಗಾರ. ಟ್ಯಾಗಿನ ಆಟವೇ ಮೀನುಗಾರರ ಕೈಯಲ್ಲಿದೆ. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಮೀನಿಗೆ ಗುರುತು ಹಾಕಿ ಬಿಟ್ಟಾಗಿನಿಂದಲೂ ಅದು ಹಾಗೇ. ಇನ್ನೂರು ಮೀನಿಗೆ ಗುರುತು ಹಾಕಿ ಬಿಟ್ಟೆವು ಅನ್ನಿ. ಆಮೇಲೆ ಹಿಡಿದ ನೂರರಲ್ಲಿ ಹತ್ತಕ್ಕೆ ಗುರುತಿದ್ದರೆ ಒಟ್ಟು ಸುಮಾರು ಎರಡು ಸಾವಿರ ಮೀನಿವೆ ಅಂತ ಲೆಕ್ಕ. ಆ ಹತ್ತರಲ್ಲಿ ಐದನ್ನು ಯಾರೂ ತಂದುಕೊಡಲಿಲ್ಲ ಅಂದರೆ ನಮ್ಮ ಕಾಗದದಲ್ಲಿ ಮೀನು ನಾಲ್ಕು ಸಾವಿರ ಆಗಿಬಿಡುತ್ತದೆ. ಇಲ್ಲದ ಮೀನು. ಹಾಗಾಗಿ ಸರೋವರದ ದಡದಿಂದ ಟ್ಯಾಗ್ ತಂದುಕೊಟ್ಟ ಪ್ರತಿಯೊಬ್ಬರೂ ನಮ್ಮ ಸಂಶೋಧನೆಯ ಪಾಲುದಾರರು.

ಆ ಬೆಳಿಗ್ಗೆ ಅವರು ಬಂದಾಗ ಕಚೇರಿ ಬಾಗಿಲು ತೆರೆದಿರಲಿಲ್ಲ. ಮೀನನ್ನು ಇಡಿಯಾಗಿ ಮಂಜುಗಡ್ಡೆಯಲ್ಲಿಟ್ಟು ತಂದಿದ್ದರು. ಟ್ಯಾಗಿನ ಮೇಲೆ ಪಾಚಿ ಕಟ್ಟಿತ್ತು. "ಹಳೇದು ಅನ್ಸುತ್ತೆ, ನಿಮಗೆ ಉಪಯೋಗಕ್ಕೆ ಬರುತ್ತೋ ಇಲ್ವೋ" ಅಂದರು. ಸಂಖ್ಯೆ ಓದಿ ಉಗ್ರಾಣಕ್ಕೆ ಓಡಿದೆ. ಲಕೋಟೆ ಇತ್ತು. ಮೀನನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಮೊದಲು ನಾನೂ ಎರಡನೇ ಓದುಗರೂ ಹುರುಪೆ ಓದಿದೆವು. ಇಬ್ಬರಿಗೂ ಒಂಬತ್ತೇ ಸಿಕ್ಕಿತು. ಬಿಟ್ಟೇ ಹನ್ನೊಂದು ವರ್ಷವಾಗಿದ್ದ ಮೀನಿಗೆ ಒಂಬತ್ತು ವರ್ಷ ಅನ್ನುತ್ತಿತ್ತು ಹುರುಪೆ! ಆಮೇಲೆ ಓಟೊಲಿತ್ ಸೀಳಿ, ಕೋಣೆ ಕತ್ತಲು ಮಾಡಿ ದೀಪ ಹಾಕಿದೆವು. ಹಳದಿ ಗೆರೆ ಕಂಡಿತು. ಅದರಿಂದಾಚೆ ಇದ್ದ ಗೆರೆಗಳನ್ನು ಎಣಿಸಿದೆ. ಹನ್ನೊಂದು. ನಾನು ಎದ್ದು ಜಾಗ ಬಿಟ್ಟೆ, ಅವರು ಕೂತು ಎಣಿಸಿದರು. ಬಾಯಿ ಬಿಡದೆ ಚೀಟಿಯಲ್ಲಿ ಬರೆದು ತೋರಿಸಿದರು. ಹನ್ನೊಂದು. ನನಗೆ ಅಳು ಬಂತು. ನಾನು ತಪ್ಪು ಅಂತ ಖಚಿತವಾದ ಗಳಿಗೆ ಅದು. ಆದರೂ ಅಷ್ಟು ನೆಮ್ಮದಿಯಾದ ದಿನ ನನ್ನ ಕೆಲಸದಲ್ಲಿ ಇನ್ನೊಂದಿಲ್ಲ.

ಒಂದು ಮೀನಿನಿಂದ ವರದಿ ಆಗುವುದಿಲ್ಲ. ಆಮೇಲೆ ಇನ್ನಷ್ಟು ಟ್ಯಾಗ್ ಮೀನುಗಳು ಬಂದವು, ಅವೂ ಅದನ್ನೇ ಹೇಳಿದವು. ಹಳೆಯ ವರದಿ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಮೇಲಿನವರ ಮುಂದೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: ಸರಿಯಾದ ಲೆಕ್ಕಕ್ಕೆ ಎಷ್ಟು ಸಮಯ ಬೇಕು? ಎರಡು ವರ್ಷ ಅಂದೆ. ಕೊಟ್ಟರು.

ಮೀನುಗಾರರ ಸಭೆ ಕಷ್ಟವಾಗಿತ್ತು. ಜಾಸ್ತಿ ಹಿಡಿಯಬಹುದು ಅಂತ ಹೇಳಿದ್ದ ನಾನೇ ಕಡಿಮೆ ಹಿಡಿಯಿರಿ ಅಂತ ಹೇಳಲು ನಿಂತಿದ್ದೆ. ಸಿಟ್ಟು ಬಂದವರ ಸಿಟ್ಟು ನ್ಯಾಯವಾದದ್ದೇ, ಅವರ ದುಡಿಮೆಯ ಪ್ರಶ್ನೆ ಅದು. ಪರದೆಯ ಮೇಲೆ ಆ ಹನ್ನೊಂದು ಗೆರೆಗಳನ್ನು ತೋರಿಸಿದೆ. ಸಮುದ್ರದ ಆಳದ ಆರೆಂಜ್ ರಫಿ ನೂರು ವರ್ಷ ದಾಟಿ ಬದುಕುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಹಲವು ಕಡೆ ಅದರ ಸಂಖ್ಯೆ ಕುಸಿದಿದ್ದನ್ನೂ ಹೇಳಿದೆ. ಹಿಂದಿನ ಸಾಲಿನಿಂದ ಆ ಮೀನು ತಂದವರು ಎದ್ದು, "ಅದು ನಾನು ತಂದಿದ್ದು" ಅಂದರು. ಅಷ್ಟೇ ಅಂದಿದ್ದು. ಆಮೇಲೆ ಜನ ಪ್ರಶ್ನೆ ಕೇಳತೊಡಗಿದರು. ದೊಡ್ಡ ಮೀನು ಬಿಡುವ ನಿಯಮ ಬಂದಿದ್ದು ಅವರ ಪ್ರಶ್ನೆಗಳಿಂದಲೇ. ದೊಡ್ಡ ಹೆಣ್ಣು ಮೀನುಗಳೇ ಜಾಸ್ತಿ ಮೊಟ್ಟೆ ಇಡುವುದು ಅಂತ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಇನ್ನು ಮನೆಯವರು. ಬಲೆ ಎತ್ತುವ ದಿನ ಕತ್ತಲಿರುವಾಗಲೇ ಹೊರಟು, ಮೈಯೆಲ್ಲ ಮೀನಿನ ವಾಸನೆ ಹೊತ್ತು ಕತ್ತಲಲ್ಲೇ ಮರಳುವ ನನ್ನನ್ನು ಇಷ್ಟು ವರ್ಷ ಸಹಿಸಿದ್ದಾರೆ. ಆ ಎರಡು ವರ್ಷ ನಾನು ಮನೆಯಲ್ಲಿದ್ದೂ ಇರಲಿಲ್ಲ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಾಳಿ ಎದ್ದಾಗ, ಇವತ್ತು ಬೇಡ ಅಂತ ಹೇಳಿ ದೋಣಿ ತಿರುಗಿಸಿ ನಮ್ಮನ್ನೆಲ್ಲ ಕ್ಷೇಮವಾಗಿ ದಡ ಮುಟ್ಟಿಸಿದ ದೋಣಿಯಣ್ಣ, ನಿಮಗೂ.

ಸರ್‌ಗೆ ಹೋದ ತಿಂಗಳು ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಉಳಿದ ಟ್ಯಾಗ್‌ಗಳು?" ಅಂತ ಕೇಳಿದರು. ಇನ್ನೂ ನಲವತ್ತು ಲಕೋಟೆ ತೆರೆಯದೆ ಉಳಿದಿವೆ, ಸರ್. ಈಗ ಅವು ಉಗ್ರಾಣದ ಮೇಜಿನ ಕೆಳಗಿಲ್ಲ. ನನ್ನ ಕೋಣೆಯ ಕಪಾಟಿನಲ್ಲಿವೆ. ಪಕ್ಕದಲ್ಲೇ ಈ ವರ್ಷ ನಾವು ಬಿಟ್ಟ ಮೀನುಗಳ ಲಕೋಟೆಗಳೂ ಇವೆ.