ಅಮ್ಮ, ಪುಟ್ಟಿಯ ತೂಕ ಏರಿದೆ

ಅಮ್ಮ,

ನಾವು ಚೆನ್ನಾಗಿದ್ದೇವೆ. ಅಣ್ಣನ ಕೈಲಿ ಬರೆಸಿದ ಮೇಲ್ ಬಂತು. ಅಪ್ಪನ ಮಂಡಿ ನೋವು ಹೇಗಿದೆ ಅಂತ ನೀನು ಹೇಳಿಸಲೇ ಇಲ್ಲ. ಪೂರ್ತಿ ಪುಟ್ಟಿಯ ತೂಕದ್ದೇ ಮಾತು, ಮಗು ಸೊರಗಿದೆಯಾ ಅಂತ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಇವತ್ತಿಗೆ ಹದಿನಾರು ದಿನ. ಬೆಳಿಗ್ಗೆ ತೂಗಿದಾಗ 3 ಕಿಲೋ 240 ಗ್ರಾಂ ಇದ್ದಳು. ಹುಟ್ಟಿದಾಗ 3 ಕಿಲೋ 100. ಮಗು ಸೊರಗಿಲ್ಲ ಅಮ್ಮ, ಖಂಡಿತ ಸೊರಗಿಲ್ಲ.

ನಾಲ್ಕನೇ ದಿನ 2 ಕಿಲೋ 870ಕ್ಕೆ ಇಳಿದಿತ್ತು, ನಿಜ. ಮಗುವಿನ ತೂಕ, ಹಾಲಿನ ಲೆಕ್ಕ ಬರೆದಿಡುವ ಆ್ಯಪ್ ಒಂದು ನನ್ನ ಫೋನಿನಲ್ಲಿದೆ, ಅದನ್ನು ಅದಕ್ಕೆ ಹಾಕಿದೆ. ಗೆರೆ ಕೆಳಗೆ ಬಾಗಿತು, ಪಕ್ಕದಲ್ಲಿ ಕೆಂಪು ಚುಕ್ಕೆ. ರಾತ್ರಿ ಎರಡು ಗಂಟೆಗೆ ಆ ಚುಕ್ಕೆ ನೋಡಿ ಅತ್ತುಬಿಟ್ಟೆ. ಆಗಲೇ ನಿನಗೆ ಫೋನ್ ಮಾಡಿದ್ದು. ಮಾಡಬಾರದಿತ್ತು.

ಅವತ್ತೇ ಬೆಳಿಗ್ಗೆ ಹೆರಿಗೆ, ಬಾಣಂತನ ನೋಡಿಕೊಳ್ಳುವ ಮಿಡ್‌ವೈಫ್ ಬಂದರು. ಇಲ್ಲಿ ಅವರು ಮನೆಗೇ ಬರುತ್ತಾರೆ, ತಕ್ಕಡಿ ಬ್ಯಾಗಿನಲ್ಲೇ ಇರುತ್ತದೆ! ಕೆಂಪು ಚುಕ್ಕೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಪುಟ್ಟಿಯ ಕಣ್ಣು, ಮೈಬಣ್ಣ ನೋಡಿದರು, ಕಾಮಾಲೆ ಇದೆಯಾ ಅಂತ. ಹಾಲು ಕುಡಿಸುವಾಗ ಪಕ್ಕದಲ್ಲೇ ಕೂತು ಅವಳು ನುಂಗುವ ಸದ್ದು ಕೇಳಿಸಿಕೊಂಡರು. ಹುಟ್ಟಿದ ಮಕ್ಕಳು ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತಾರಂತೆ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದರೆ ಯೋಚಿಸಬೇಕು, ಎರಡು ವಾರದೊಳಗೆ ಸಾಮಾನ್ಯವಾಗಿ ಹುಟ್ಟಿದ ತೂಕಕ್ಕೆ ಮರಳುತ್ತಾರೆ ಅಂದರು. ಇವಳು ಇಳಿದಿದ್ದು ಅಷ್ಟಿಲ್ಲ.

ಒಂದು ತಪ್ಪು ಮಾತ್ರ ನನ್ನದೇ. ಮೂರು ಗಂಟೆಗೊಮ್ಮೆ ಹಾಲು ಅಂತ ಆ್ಯಪ್‌ನಲ್ಲಿ ಗಂಟೆ ಹೊಡೆಯುವ ಹಾಗೆ ಇಟ್ಟಿದ್ದೆ. ಪುಟ್ಟಿ ಕೈ ಚೀಪುತ್ತಿದ್ದರೂ, ಬಾಯಿ ತೆರೆದು ತಲೆ ಅತ್ತಿತ್ತ ಹೊರಳಿಸುತ್ತಿದ್ದರೂ ಗಂಟೆ ಹೊಡೆಯಲಿ ಅಂತ ಕಾಯುತ್ತಿದ್ದೆ. ಅದೇ ಹಸಿವಿನ ಸೂಚನೆ, ಅಳುವುದು ಕೊನೆಗೆ. ನನಗೆ ಗೊತ್ತಾಗಲಿಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿದರೂ ಸಹಜವೇ. ಆ ಗಂಟೆ ತೆಗೆದುಹಾಕಿದೆ.

ಆದರೆ ಆ್ಯಪ್ ಬಿಸಾಕು ಅಂತ ಹೇಳಬೇಡ. ನಡುರಾತ್ರಿ ಯಾವ ಕಡೆ ಕುಡಿಸಿದೆ, ಒದ್ದೆ ಡೈಪರ್ ಎಷ್ಟಾಯಿತು ಅಂತ ನನಗೆ ನೆನಪೇ ಇರುವುದಿಲ್ಲ. ಅದರಲ್ಲಿ ಬರೆದಿಡುತ್ತೇನೆ. ಐದನೇ ದಿನದ ಮೇಲೆ ದಿನಕ್ಕೆ ಆರಾದರೂ ಒದ್ದೆ ಡೈಪರ್ ಇರಬೇಕು. ಇವಳದು ಏಳೆಂಟು ಆಗುತ್ತಿದೆ. ಮಿಡ್‌ವೈಫ್ ಕೇಳಿದಾಗ ತಡವರಿಸದೆ ಹೇಳಿದೆ. ಅವರಿಗೂ ಖುಷಿಯಾಯಿತು.

ಇನ್ನೊಂದು ಈಗ ಹೇಳುತ್ತೇನೆ, ಬೈಯಬೇಡ. ಎಂಟನೇ ತಿಂಗಳಲ್ಲಿ ಒಂದು ಸಂಜೆ ಹೊಟ್ಟೆಯಲ್ಲಿ ಓಡಾಟ ಕಡಿಮೆ ಅನಿಸಿತ್ತು. ಫೋನ್ ಹೊಟ್ಟೆಗೆ ಇಟ್ಟರೆ ಎದೆಬಡಿತ ಕೇಳುತ್ತದೆ ಅನ್ನುವ ಆ್ಯಪ್ ಒಂದಿತ್ತು. ಅದನ್ನು ಮುಟ್ಟಲಿಲ್ಲ, ನೇರ ಆಸ್ಪತ್ರೆಗೆ ಹೋದೆವು. ಅಲ್ಲಿ ಪಟ್ಟಿ ಕಟ್ಟಿ ಬಡಿತ ನೋಡಿದರು, ಎಲ್ಲ ಸರಿ ಇತ್ತು. ನೀನು ಹೆದರುತ್ತೀಯ ಅಂತ ಮುಚ್ಚಿಟ್ಟಿದ್ದೆ. ಹಾಗೆ ಬಂದಿದ್ದೇ ಒಳ್ಳೆಯದಾಯಿತು ಅಂದರು ಡಾಕ್ಟರ್. ಅತ್ತಿಗೆಯೂ ಈಗ ಬಸುರಿಯಲ್ಲವೇ, ಅವಳಿಗೆ ಇದನ್ನು ತಪ್ಪದೆ ಹೇಳು. ಓಡಾಟ ಕಡಿಮೆ ಅನಿಸಿದರೆ ಬೆಳಗಾಗಲಿ ಅಂತ ಕಾಯಬಾರದು.

ಬಸುರಿನ ದಿನ ಲೆಕ್ಕ ಇಡುವ ಆ್ಯಪ್ ಬೇಕಿದ್ದರೆ ಅವಳೂ ಹಾಕಿಕೊಳ್ಳಲಿ. ಯಾರು ಬರೆದಿದ್ದು, ಡಾಕ್ಟರುಗಳು ನೋಡಿದ್ದಾರಾ ಅಂತ ಮೊದಲು ನೋಡಲಿ. ಹೆರಿಗೆಗೆ ಅದು ಕೊಡುವ ದಿನವನ್ನು ಗಟ್ಟಿ ಅಂದುಕೊಳ್ಳಬಾರದು, ಆ ದಿನವೇ ಹುಟ್ಟುವ ಮಕ್ಕಳು ಕಡಿಮೆ. ಅಪ್ಪ ಕೇಳಿದ್ದರಲ್ಲ, ನಮ್ಮ ವಿವರ ಯಾರಿಗಾದರೂ ಹೋಗುತ್ತದಾ ಅಂತ? ಕೆಲವು ಆ್ಯಪ್‌ಗಳಿಂದ ಹೋಗುತ್ತದೆ. ನಾನು ಪುಟ್ಟಿಯ ಹೆಸರು, ಫೋಟೋ ಏನೂ ಹಾಕಿಲ್ಲ.

ಇವಳಿಗೆ ಜ್ವರ ಇಲ್ಲ. ಮೂರು ತಿಂಗಳೊಳಗೆ 38 ಡಿಗ್ರಿ ಸೆಲ್ಸಿಯಸ್ ಆದರೆ ಆ್ಯಪ್ ನೋಡುತ್ತಾ ಕೂರುವುದಿಲ್ಲ, ಡಾಕ್ಟರ ಹತ್ತಿರ ಓಡುತ್ತೇನೆ. ನಿಜವಾಗಿ ಚಿಂತೆ ಮಾಡಬೇಡ. ನಾನೂ ನಿದ್ದೆ ಮಾಡುತ್ತಿದ್ದೇನೆ. ಇವರೂ ರಾತ್ರಿ ಏಳುತ್ತಾರೆ. ಎಲ್ಲ ಚೆನ್ನಾಗಿದೆ, ಎಲ್ಲ.

ಕುಡಿದು ಇನ್ನೂ ಒಂದೂವರೆ ಗಂಟೆ, ಆಗಲೇ ಕೈ ಚೀಪುತ್ತಿದ್ದಾಳೆ. ಏಳುತ್ತೇನೆ. ಅಪ್ಪನ ಮಂಡಿ ಬಗ್ಗೆ ಬರೆಸು.

ನಿನ್ನ ಮಗಳು