ಅಬಾರಿಜಿನಲ್ ಇಂಟರ್ನ್‌ಗಳಿಗೆ ಮಾರ್ಗದರ್ಶಕರು ಬೇಕು

ಎಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ ರಾಜ್ಯದ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರ ಮೇಲ್ವಿಚಾರಣೆ ನೋಡಿಕೊಳ್ಳುವ ಕನ್ನಡಿಗ ಸದಸ್ಯರ ಗಮನಕ್ಕೆ.

ಮುಂದಿನ ವರ್ಷದ ಇಂಟರ್ನ್‌ಶಿಪ್ ಅರ್ಜಿಗಳ ಕಾಲ ಹತ್ತಿರವಾಗಿದೆ. ಅಬಾರಿಜಿನಲ್ (ಈ ದೇಶದ ಮೂಲನಿವಾಸಿ) ವೈದ್ಯಕೀಯ ಪದವೀಧರರಿಗೆ ಇಲ್ಲಿ ಪ್ರತ್ಯೇಕ ನೇಮಕಾತಿ ದಾರಿಯಿದೆ. ಮನೆಯವರು, ಸಮುದಾಯದ ಹಿರಿಯರು ಹತ್ತಿರವಿರುವ ಆಸ್ಪತ್ರೆಗೆ ಸೇರಲು ಅದು ನೆರವಾಗುತ್ತದೆ. ಇದನ್ನು ‘ರಿಯಾಯಿತಿ’ ಎಂದು ನಮ್ಮಲ್ಲೇ ಕೆಲವರು ಅಂದದ್ದು ಕೇಳಿ ನೋವಾಯಿತು. ಈ ಪದವೀಧರರೂ ನಮ್ಮೊಂದಿಗಿನ ಉಳಿದ ಇಂಟರ್ನ್‌ಗಳಂತೆ ಪರೀಕ್ಷೆ ಪಾಸಾಗಿ ಬಂದವರೇ. ಮೆಲ್ಬರ್ನ್‌ನಲ್ಲಿ ವೈದ್ಯಕೀಯ ಶಿಕ್ಷಣ 1862ರಲ್ಲೇ ಶುರುವಾಗಿತ್ತು. ಆದರೆ ಈ ದೇಶದ ಮೊದಲ ಅಬಾರಿಜಿನಲ್ ವೈದ್ಯರಾದ ಹೆಲೆನ್ ಮಿಲ್‌ರಾಯ್ ಪದವಿ ಪಡೆದದ್ದು 1983ರಲ್ಲಿ. ಅಷ್ಟು ಕಾಲ ಬಾಗಿಲು ಮುಚ್ಚಿತ್ತು.

ಬರುವ ಭಾನುವಾರ ಸಂಜೆ 7ಕ್ಕೆ ಜೂಮ್‌ನಲ್ಲಿ ಸೇರೋಣ. ಅದಕ್ಕೂ ಮೊದಲು:

• ಮಾರ್ಗದರ್ಶಕರಾಗಲು ಒಪ್ಪುವವರು ಶುಕ್ರವಾರದೊಳಗೆ ನಿಮ್ಮ ಆಸ್ಪತ್ರೆ, ವಿಭಾಗ ತಿಳಿಸಿ. ತಿಂಗಳಿಗೆ ಎರಡು ಗಂಟೆ ಸಾಕು.
• ‘ಸಾರಿ ಬಿಸಿನೆಸ್’ ಅಂದರೆ ಅಬಾರಿಜಿನಲ್ ಜನರ ಸಾವು-ಸೂತಕದ ಆಚರಣೆ. ಬಂಧುಬಳಗ ದೊಡ್ಡದು, ದಿನಗಳೂ ಹೆಚ್ಚು ಬೇಕಾಗಬಹುದು. ಅದಕ್ಕೆ ರಜೆ ಕೇಳಿದಾಗ ರೋಸ್ಟರ್ ಹೇಗೆ ಹೊಂದಿಸಬಹುದೆಂದು ನಿಮ್ಮ ವಿಭಾಗದಲ್ಲಿ ವಿಚಾರಿಸಿಕೊಂಡು ಬನ್ನಿ.
• ‘ನೋಡಿದರೆ ಅಬಾರಿಜಿನಲ್ ಹಾಗೆ ಕಾಣಲ್ಲ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು, ದಯವಿಟ್ಟು.

ಊರು ಬಿಟ್ಟು ಬಂದ ನಮಗೆ ಮೊದಲ ವಾರ್ಡಿನಲ್ಲಿ ಯಾರೋ ಒಬ್ಬರು ಪಕ್ಕ ನಿಂತಿದ್ದರು. ಅವರದ್ದೇ ನೆಲದಲ್ಲಿ ಅವರ ಪಕ್ಕ ನಾವು ನಿಲ್ಲೋಣ.

ಬರುವವರು ‘ಹೌದು’ ಎಂದು ಇಲ್ಲೇ ಉತ್ತರಿಸಿ.