ಈ ವಾರದ ವಿಜ್ಞಾನಿ: ಬಿಭಾ ಚೌಧುರಿ

ಎಲ್ಲರಿಗೂ ನಮಸ್ಕಾರ. ಈ ವಾರ ರಾಮನ್, ಭಾಭಾ ಬೇಡ, ಬಿಭಾ ಚೌಧುರಿ ಬಗ್ಗೆ ಮಾತಾಡೋಣ. ಹೆಸರು ಕೇಳಿದವರು ಕಡಿಮೆ, ಅದೇ ನನಗೆ ಬೇಜಾರು.

1913ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದವರು. ಭೌತವಿಜ್ಞಾನಿ ಡಿ.ಎಂ. ಬೋಸ್ ಜೊತೆ ಸೇರಿ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಫೋಟೋ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಟ್ಟು, ಬಾಹ್ಯಾಕಾಶದಿಂದ ಅತಿ ವೇಗದಲ್ಲಿ ಬರುವ ಕಣಗಳ, ಅಂದರೆ ಕಾಸ್ಮಿಕ್ ಕಿರಣಗಳ ಗುರುತು ಹಿಡಿದರು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಆ ಸಣ್ಣ ಸಣ್ಣ ಗೆರೆಗಳನ್ನು ಅಳೆದು, ಪರಮಾಣುವಿಗಿಂತಲೂ ಚಿಕ್ಕದಾದ ಮೆಸಾನ್ ಎಂಬ ಕಣದ ತೂಕ ಲೆಕ್ಕ ಹಾಕಿದರು. ಎರಡನೇ ಮಹಾಯುದ್ಧದ ಕಾಲ, ಒಳ್ಳೆಯ ಪ್ಲೇಟು ಸಿಗಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಮುಂದೆ ಇದೇ ದಾರಿಯಲ್ಲಿ, ಉತ್ತಮ ಪ್ಲೇಟು ಬಳಸಿದ ಇಂಗ್ಲೆಂಡಿನ ವಿಜ್ಞಾನಿ ಪೊವೆಲ್‌ಗೆ 1950ರಲ್ಲಿ ನೊಬೆಲ್ ಬಂತು. ಪೊವೆಲ್ ಕೆಲಸ ದೊಡ್ಡದೇ, ಆದರೆ ಬಿಭಾ ಹೆಸರು ನಮ್ಮ ಪಠ್ಯಪುಸ್ತಕದಲ್ಲಾದರೂ ಇರಬೇಕಿತ್ತು, ಅಲ್ವಾ?

ನಮ್ಮ ಕೆಜಿಎಫ್ ಗಣಿಯ ಆಳದಲ್ಲಿ ನಡೆದ ಕಾಸ್ಮಿಕ್ ಕಿರಣ ಪ್ರಯೋಗಗಳಲ್ಲೂ ಅವರು ಕೆಲಸ ಮಾಡಿದ್ದರು. 1991ರಲ್ಲಿ ತೀರಿಕೊಂಡರು. 2019ರಲ್ಲಿ ಒಂದು ನಕ್ಷತ್ರಕ್ಕೆ 'ಬಿಭಾ' ಅಂತ ಹೆಸರಿಟ್ಟರು.

ಕೋಲಾರದ ಕಡೆಯವರು ಯಾರಾದರೂ ಇದ್ದರೆ, ಗಣಿಯಲ್ಲಿ ನಡೆದ ಆ ಪ್ರಯೋಗಗಳ ಬಗ್ಗೆ ಮನೆಯ ಹಿರಿಯರನ್ನು ಕೇಳಿ, ಗೊತ್ತಾದದ್ದನ್ನು ಇಲ್ಲೇ ಹಾಕಿ. ವಾಯ್ಸ್ ಮೆಸೇಜ್ ಆದರೂ ಸರಿ.